ಪಟ್ಟಿಯ ಕೊನೆಯ ಕಾಲಂ

ಪಟ್ಟದ ಗೊಂಬೆ, ಒಂದು ಜೊತೆ. ಮರದ್ದು. ಕೊಂಡ ವರ್ಷ: 2009. ಈಗ ಕೊಂಡರೆ ಬೆಲೆ:

ಅಲ್ಲಿಗೆ ಬಂದು ನಿಂತೆವು. ಹೋಟೆಲ್ ರೂಮಿನ ಪುಟ್ಟ ಮೇಜು. ನನ್ನ ಮುಂದೆ ಲ್ಯಾಪ್‌ಟಾಪ್, ಎದುರಿಗೆ ಅವಳು, ಬೆಂಕಿಯಲ್ಲಿ ಮನೆ ಕಳೆದುಕೊಂಡ ಮೈಸೂರಿನವಳು. "ಅಕ್ಕ, ಅದು ಕೊಂಡಿದ್ದಲ್ಲ. ಅಮ್ಮ ಮದುವೆಯಲ್ಲಿ ಕೊಟ್ಟಿದ್ದು" ಅಂದಳು. ಅವಳ ಅಮ್ಮ ತೀರಿಹೋಗಿ ಎರಡು ವರ್ಷ ಆಗಿತ್ತು. ಮೈಸೂರಿನಿಂದ ಬರುವಾಗ ಆ ಗೊಂಬೆಗಳನ್ನು ಸೂಟ್‌ಕೇಸಿಗೆ ಹಾಕಿರಲಿಲ್ಲ. ಹತ್ತಿ ಸೀರೆಯಲ್ಲಿ ಸುತ್ತಿ ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದಳಂತೆ. ವಿಮೆ ಕಂಪನಿಯ ಫಾರಂನಲ್ಲಿ ಇದನ್ನೆಲ್ಲ ಬರೆಯಲು ಜಾಗ ಇಲ್ಲ. ಅವತ್ತು ನಾನು ಎಕ್ಸೆಲ್ ಹಾಳೆಗೆ ಇನ್ನೊಂದು ಕಾಲಂ ಸೇರಿಸಿದೆ. ಅದರ ತಲೆಯ ಮೇಲೆ 'ಕಥೆ' ಅಂತ ಬರೆದೆ. ಕಂಪನಿಗೆ ಕಳಿಸುವಾಗ ಅಳಿಸಿದರಾಯಿತು ಅಂದುಕೊಂಡೆ.

ನಾನು ಕೌನ್ಸೆಲರ್ ಅಲ್ಲ, ಸಮಾಜಸೇವಕಿಯೂ ಅಲ್ಲ. ಲೆಕ್ಕ ಬರೆಯುವವಳು. ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ ಬಂದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ 22 ವರ್ಷದಿಂದ ಇದ್ದೇನೆ. ಸಣ್ಣ ಅಂಗಡಿ, ಹೋಟೆಲುಗಳ ಲೆಕ್ಕ ನೋಡುವುದು, ಜನರ ಟ್ಯಾಕ್ಸ್ ಕಾಗದ ತುಂಬಿಸುವುದು ನನ್ನ ಹೊಟ್ಟೆಪಾಡು. 2025ರ ಜನವರಿಯ ಈಟನ್ ಬೆಂಕಿಯ ನಂತರ ಹನ್ನೊಂದು ಮನೆಯವರ ಜೊತೆ ಕೂತು, ಸುಟ್ಟುಹೋದ ಸಾಮಾನಿನ ಪಟ್ಟಿ ಬರೆದೆ. ಹೇಗೆ ಮಾಡಿದಿರಿ ಅಂತ ಒಂದಿಬ್ಬರು ಕೇಳಿದರು. ಅದಕ್ಕೇ ಇದು. ತಪ್ಪು ಮಾಡಿದ್ದನ್ನೂ ಬರೆಯುತ್ತೇನೆ. ಆ ತಪ್ಪುಗಳಿಂದಲೇ ಜಾಸ್ತಿ ಕಲಿತದ್ದು.

ಜನವರಿ 7, ಮಂಗಳವಾರ. ಬೆಳಗ್ಗೆಯೇ ಸಮುದ್ರದ ಕಡೆ, ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಬೆಂಕಿ ಎದ್ದಿತ್ತು. ಅದು ನಮಗೆ ದೂರ. ಟಿವಿಯಲ್ಲಿ ನೋಡುತ್ತಾ ಕೂತಿದ್ದೆವು. ಸಂಜೆ ಆರೂಕಾಲು ದಾಟುವ ಹೊತ್ತಿಗೆ ನಮ್ಮ ಬೆಟ್ಟದಲ್ಲೇ, ಈಟನ್ ಕ್ಯಾನಿಯನ್ನಿನ ಬಳಿ, ಇನ್ನೊಂದು ಹತ್ತಿಕೊಂಡಿತು. ಇಲ್ಲಿ ಸಾಂಟಾ ಆನಾ ಅಂತ ಒಂದು ಗಾಳಿ ಇದೆ. ಒಳನಾಡಿನ ಮರುಭೂಮಿಯಿಂದ ಬೆಟ್ಟದ ಸಂದುಗಳಲ್ಲಿ ನುಗ್ಗಿ ಸಮುದ್ರದತ್ತ ಇಳಿಯುತ್ತದೆ. ಇಳಿಯುತ್ತಾ ಇಳಿಯುತ್ತಾ ಬಿಸಿಯಾಗುತ್ತದೆ, ಒಣಗುತ್ತದೆ. ಅದರ ಹಿಂದಿನ ಎರಡು ಚಳಿಗಾಲ ಚೆನ್ನಾಗಿ ಮಳೆ ಬಂದು ಹುಲ್ಲು, ಪೊದೆ ಸೊಂಪಾಗಿ ಬೆಳೆದಿದ್ದವು. ಆಮೇಲೆ ಎಂಟು ತಿಂಗಳು ಹನಿ ಅನ್ನುವಂಥ ಮಳೆಯೇ ಇಲ್ಲ. ಅವತ್ತಿನ ಗಾಳಿಗೆ ಬೆಂಕಿ ನಂದಿಸುವ ವಿಮಾನ, ಹೆಲಿಕಾಪ್ಟರುಗಳೂ ನೆಲ ಹಿಡಿದು ಕೂತವು.

ನಮ್ಮೂರಲ್ಲಿ ಬೇಸಿಗೆಗೆ ಮುಂಚೆ ಬೆಂಕಿ ಗೆರೆ ಸವರುವುದನ್ನು ನೋಡಿ ಬೆಳೆದವಳು ನಾನು. ದರಗು ಗುಡಿಸಿ, ಹುಲ್ಲು ಸುಟ್ಟು, ಬೆಂಕಿ ದಾಟದ ಹಾಗೆ ನೆಲ ಬೋಳು ಮಾಡುತ್ತಾರೆ. ಇಲ್ಲಿ ಆ ಲೆಕ್ಕವೇ ನಡೆಯಲಿಲ್ಲ. ಬೆಂಕಿ ನೆಲದಲ್ಲಿ ಹರಿದು ಬರಲಿಲ್ಲ. ಕಿಡಿಗಳು ಗಾಳಿಯಲ್ಲಿ ಹಾರಿ ರಸ್ತೆ ದಾಟಿ, ಪಾರ್ಕು ದಾಟಿ, ಮನೆಯ ಸೂರಿನ ಸಂದಿಗೆ ಬಿದ್ದವು. ಒಂದು ಮನೆಯ ಉರಿ ಪಕ್ಕದ ಮನೆಗೆ. ಕಾಡು ಸುಡುವುದನ್ನು ನೋಡಿದ್ದೆ. ಊರು ಸುಡುವುದನ್ನು ನೋಡಿರಲಿಲ್ಲ.

ಮೈಸೂರಿನ ಆ ಕುಟುಂಬ ಇದ್ದದ್ದು ನಮ್ಮ ಪಕ್ಕದ ಊರು ಆಲ್ಟಡೀನಾದಲ್ಲಿ, ಲೇಕ್ ಅವೆನ್ಯೂ ಅನ್ನುವ ದೊಡ್ಡ ರಸ್ತೆಯ ಪಶ್ಚಿಮಕ್ಕೆ. ಗಂಡನಿಗೆ ಜೆಪಿಎಲ್‌ನಲ್ಲಿ, ಅಂದರೆ ನಾಸಾದ ಪ್ರಯೋಗಾಲಯದಲ್ಲಿ ಕೆಲಸ. ಒಂಬತ್ತು ವರ್ಷದ ಮಗ. ಆರು ತಿಂಗಳಿಗೆಂದು ಬಂದಿದ್ದ ಅತ್ತೆ. ಅವರನ್ನು ನಾನು ಅಮ್ಮ ಅಂತಲೇ ಕರೆಯುವುದು. ಲೇಕ್ ಅವೆನ್ಯೂ ಪೂರ್ವದವರಿಗೆ ಮನೆ ಬಿಡಿ ಅನ್ನುವ ಆದೇಶ ಸಂಜೆಯೇ ಬಂತು. ಪಶ್ಚಿಮದವರ ಫೋನಿಗೆ ಬಂದದ್ದು ಬೆಳಗಿನ ಜಾವ ಮೂರು ದಾಟಿದ ಮೇಲೆ. ಸತ್ತವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಆ ಪಶ್ಚಿಮದ ಕಡೆಯವರು, ಬಹಳ ಮಂದಿ ವಯಸ್ಸಾದವರು. ನಮ್ಮವರು ಆದೇಶಕ್ಕೆ ಕಾಯದೆ ಹೊರಟಿದ್ದರಿಂದ ಬದುಕಿದರು. ನಾಲ್ಕು ಗಂಟೆಗೆ ನಮ್ಮ ಬಾಗಿಲು ಬಡಿದಾಗ ಅವರ ಕೈಯಲ್ಲಿ ಪಾಸ್‌ಪೋರ್ಟಿನ ಚೀಲ, ಮಗನ ಸ್ಕೂಲ್ ಬ್ಯಾಗು, ಅಮ್ಮನ ಬಿಪಿ ಮಾತ್ರೆ. ಅಮ್ಮ ನೈಟಿಯ ಮೇಲೆ ಶಾಲು ಹೊದ್ದು ನಿಂತಿದ್ದರು. ಕಾಲಲ್ಲಿ ಒಂದೊಂದು ಥರದ ಚಪ್ಪಲಿ.

ಬೆಳಗಾದಾಗ ನನ್ನ ತುಳಸಿ ಕುಂಡದ ತುಂಬ ಬೂದಿ. ಅದರ ಪಕ್ಕ ಯಾವುದೋ ಪುಸ್ತಕದ ಅರ್ಧ ಸುಟ್ಟ ಹಾಳೆ. ಅಂಚೆಲ್ಲ ಕಪ್ಪಾಗಿ, ನಡುವೆ ನಾಲ್ಕು ಸಾಲು ಓದುವ ಹಾಗಿತ್ತು. ಕೈಯಲ್ಲಿ ಹಿಡಿದರೆ ಪುಡಿ ಆಯಿತು. ಯಾರ ಮನೆಯದೋ ಏನೋ.

ಈಟನ್ ಬೆಂಕಿಯಲ್ಲಿ 9,400ಕ್ಕೂ ಹೆಚ್ಚು ಕಟ್ಟಡ ಹೋದವು, 19 ಜೀವ ಹೋಯಿತು. ಪ್ಯಾಲಿಸೇಡ್ಸ್ ಸೇರಿಸಿದರೆ ಕಟ್ಟಡಗಳ ಲೆಕ್ಕ 16,000 ದಾಟುತ್ತದೆ. ಜೆಪಿಎಲ್ ಒಂದರಲ್ಲೇ 150ಕ್ಕೂ ಹೆಚ್ಚು ಉದ್ಯೋಗಿಗಳ ಮನೆ ಹೋಯಿತು. ಎರಡೂ ಬೆಂಕಿ ಪೂರ್ತಿ ಹಿಡಿತಕ್ಕೆ ಬಂದದ್ದು ಜನವರಿ 31ಕ್ಕೆ.

ಮೊದಲ ವಾರ ನಾವು ಕನ್ನಡದವರು ಏನು ಮಾಡಿದೆವು? ಅಡುಗೆ ಮಾಡಿದೆವು. ಮತ್ತೇನು ಗೊತ್ತು ನಮಗೆ! ಬಿಸಿಬೇಳೆಬಾತ್, ಮೊಸರನ್ನ, ಚಪಾತಿ, ದೊಡ್ಡ ದೊಡ್ಡ ಅಲ್ಯೂಮಿನಿಯಂ ಟ್ರೇಗಳಲ್ಲಿ. ಆದರೆ ಪ್ಯಾಸಡೀನಾ ಕನ್ವೆನ್ಷನ್ ಸೆಂಟರಿನ ಆಶ್ರಯ ಶಿಬಿರದಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಊರಿಡೀ ಜನ ಊಟ ತಂದು ಸುರಿಯುತ್ತಿದ್ದರು. ಬಟ್ಟೆಯದ್ದೂ ಅದೇ ಕಥೆ. ಸಾಂಟಾ ಅನಿಟಾ ಕುದುರೆ ರೇಸಿನ ಪಾರ್ಕಿಂಗಿನಲ್ಲಿ ದಾನದ ಬಟ್ಟೆ ಗುಡ್ಡ ಬಿದ್ದಿತ್ತು. ನಾನೂ ಎರಡು ಚೀಲ ಹಾಕಿ ಬಂದೆ. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ, ನನಗೇ ಬೇಡವಾದ ಬಟ್ಟೆ. ಮನೆ ಕಳೆದುಕೊಂಡವರಿಗೆ ಬೇಕಿದ್ದದ್ದು ಅಳತೆಗೆ ಸರಿಯಾದ ಹೊಸ ಒಳಬಟ್ಟೆ, ಫೋನ್ ಚಾರ್ಜರ್, ಓದುವ ಕನ್ನಡಕ, ಮತ್ತು ಗಂಟೆಗಟ್ಟಲೆ ಫೋನ್ ಹಿಡಿದು ಕೂರಲು ಇನ್ನೊಬ್ಬ ಮನುಷ್ಯ.

ಎರಡನೇ ತಪ್ಪು ಇನ್ನೂ ದೊಡ್ಡದು. ಮನೆ ಪೂರ್ತಿ ಹೋಗಿದೆ ಅಂತ ಗೊತ್ತಾದ ದಿನ ನಾನು ಅಮ್ಮನ ಕೈ ಹಿಡಿದು, "ಹೋಗಲಿ ಬಿಡಿ ಅಮ್ಮಾ, ಜೀವ ಉಳೀತಲ್ಲ, ಅದೇ ಪುಣ್ಯ" ಅಂದೆ. ಒಳ್ಳೆಯ ಮಾತು ಅಂತಲೇ ಅಂದದ್ದು. ಅಮ್ಮ ಕೈ ಬಿಡಿಸಿಕೊಂಡರು. "ಪುಣ್ಯ ಅಂತ ನಾನು ಹೇಳ್ಕೋಬೇಕು ಕಣಮ್ಮ. ನೀನು ಹೇಳಬಾರದು" ಅಂದರು. ಸಿಟ್ಟಿನಲ್ಲಿ ಅಲ್ಲ, ಸುಮ್ನೆ, ಮೆಲ್ಲಗೆ. ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಅವತ್ತಿನಿಂದ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ. 'ವಸ್ತು ತಾನೇ, ಮತ್ತೆ ತಗೋಬಹುದು' ಅನ್ನುವುದನ್ನೂ ಬಿಟ್ಟೆ.

'ಏನಾದ್ರೂ ಬೇಕಾದ್ರೆ ಹೇಳಿ' ಅನ್ನುವುದನ್ನಂತೂ ಬೇಗ ಬಿಟ್ಟೆ. ಏನು ಬೇಕು ಅಂತ ಯೋಚಿಸುವ ಕೆಲಸವನ್ನೂ ಅವರ ತಲೆಗೇ ಕಟ್ಟಿದ ಹಾಗೆ ಅದು. ಅದರ ಬದಲು, 'ಗುರುವಾರ ಸಂಜೆ ಆರಕ್ಕೆ ಸಾರು-ಅನ್ನ ತರ್ತೀನಿ, ಬಾಗಿಲ ಹತ್ತಿರ ಇಟ್ಟು ಹೋಗ್ತೀನಿ, ಮಾತಾಡಲೇಬೇಕು ಅಂತಿಲ್ಲ' ಅಂತ ಮೆಸೇಜು. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯವರು ಕೇಳದೆಯೇ ಊಟ ಕಳಿಸುತ್ತಾರೆ. ಕೇಳುವುದಿಲ್ಲ ಅನ್ನುವುದೇ ಅಲ್ಲಿ ಮುಖ್ಯ. ಇಷ್ಟು ಗೊತ್ತಿದ್ದೂ ಮರೆತಿದ್ದೆ.

ಜನವರಿ 9ರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಇಡೀ ಲಾಸ್ ಏಂಜಲಿಸ್ ಕೌಂಟಿಯ ಫೋನುಗಳು ಒಮ್ಮೆಗೇ ಕಿರುಚಿಕೊಂಡವು. ಊರು ಬಿಡಲು ಸಿದ್ಧರಾಗಿ ಅಂತ. ಸುಮಾರು ಒಂದು ಕೋಟಿ ಜನ ಇರುವ ಕೌಂಟಿ. ತಪ್ಪಾಗಿ ಹೋದ ಸಂದೇಶ ಅದು. ಅಮ್ಮ ನಮ್ಮ ಸೋಫಾದಿಂದ ಎದ್ದು, ಮೊಮ್ಮಗನ ಕೈ ಹಿಡಿದು, ಬಾಗಿಲ ಹತ್ತಿರ ನಿಂತುಬಿಟ್ಟರು. ಸುಳ್ಳು ಅಂತ ಹೇಳಿದರೂ ಅರ್ಧ ಗಂಟೆ ಕೂರಲಿಲ್ಲ. ಅವರ ಚೀಲ ಊರಿಗೆ ಹೋಗುವ ತನಕ ಬಾಗಿಲ ಪಕ್ಕದಲ್ಲೇ ಇತ್ತು.

ಸಂಕ್ರಾಂತಿ ಬಂತು. ಜನವರಿ 14, ಬೆಂಕಿಯಾಗಿ ಸರಿಯಾಗಿ ಒಂದು ವಾರ. ಅವತ್ತು ಮತ್ತೆ ಗಾಳಿಯ ಎಚ್ಚರಿಕೆ ಬೇರೆ. ಹಬ್ಬ ಮಾಡುವುದಾ ಬೇಡವಾ ಅಂತ ನಮ್ಮ ಬಳಗದಲ್ಲಿ ಚರ್ಚೆ. ಒಬ್ಬರು 'ಅವರಿಗೆ ಸೂತಕ ಇದ್ದ ಹಾಗೆ ಅಲ್ವಾ' ಅಂದರು. ಆಗ ಅಮ್ಮನನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಮನೆ ಹೋದ್ರೆ ಸೂತಕ ಇಲ್ಲ. ಇದ್ದಿದ್ರೆ ಚೆನ್ನಾಗಿರ್ತಿತ್ತು" ಅಂದರು.

ಆ ಮಾತು ನನ್ನ ತಲೆಯಲ್ಲಿ ತಿಂಗಳುಗಟ್ಟಲೆ ಸುತ್ತಿತು. ಮನುಷ್ಯ ಸತ್ತರೆ ಏನು ಮಾಡಬೇಕು ಅಂತ ನಮಗೆ ಗೊತ್ತು. ಹತ್ತನೇ ದಿನ, ಹನ್ನೊಂದು, ಹದಿಮೂರು, ಮಾಸಿಕ, ವರ್ಷಾಂತಿಕ. ಯಾವತ್ತು ಅಳಬೇಕು, ಯಾವತ್ತು ಸಿಹಿ ತಿನ್ನಬೇಕು, ಎಲ್ಲಕ್ಕೂ ಒಂದು ದಿನ ಇದೆ. ಮನೆಗೆ ಒಳಗೆ ಹೋಗುವಾಗ ಗೃಹಪ್ರವೇಶ ಇದೆ, ಹಾಲುಕ್ಕಿಸುತ್ತೇವೆ. ಮನೆಯೇ ಹೊರಟುಹೋದರೆ? ಏನೂ ಇಲ್ಲ. ಮರುದಿನದಿಂದ ನೇರ ಫಾರಂ ತುಂಬುವ ಕೆಲಸ.

ಹಬ್ಬ ಮಾಡಿದೆವು. ಅಮ್ಮನೇ ನಮ್ಮ ಅಡುಗೆಮನೆಯಲ್ಲಿ ಕೂತು ಕೊಬ್ಬರಿ, ಬೆಲ್ಲ ಹೆಚ್ಚಿದರು. ಸಕ್ಕರೆ ಅಚ್ಚು ಮಾಡುವ ಮರದ ಅಚ್ಚುಗಳು ಸುಟ್ಟುಹೋಗಿದ್ದವು. ಐಸ್ ಟ್ರೇಯಲ್ಲಿ ಪಾಕ ಹುಯ್ದರು, ಚೌಕ ಚೌಕ ಅಚ್ಚು ಬಂತು. ಮೂರು ಮನೆಗೆ ಎಳ್ಳು ಬೀರಿ ಬಂದೆವು. ಅದರಲ್ಲಿ ಎರಡು, ಮನೆ ಹೋದವರದೇ.

ಇನ್ನು ಪಟ್ಟಿಯ ವಿಷಯ. ಇಲ್ಲಿ ಮನೆ ವಿಮೆಯಲ್ಲಿ ಕಟ್ಟಡಕ್ಕೆ ಒಂದು ಮೊತ್ತ, ಒಳಗಿನ ಸಾಮಾನಿಗೆ ಇನ್ನೊಂದು, ಬೇರೆ ಕಡೆ ಬಾಡಿಗೆಗೆ ಇರಲು ಮತ್ತೊಂದು. ಸಾಮಾನಿನ ದುಡ್ಡು ಪೂರ್ತಿ ಬೇಕು ಅಂದರೆ ಒಂದೊಂದು ವಸ್ತುವನ್ನೂ ಬರೆದು ಕೊಡಬೇಕು. ಏನು, ಎಷ್ಟು, ಯಾವ ವರ್ಷದ್ದು, ಈಗ ಬೆಲೆ ಎಷ್ಟು. ಕಂಪನಿಯವರು ಮೊದಲು ಸವಕಳಿ ಕಳೆದು ಕೊಡುತ್ತಾರೆ. ಹೊಸದು ಕೊಂಡ ರಸೀತಿ ತೋರಿಸಿದರೆ ಉಳಿದದ್ದು. ಹತ್ತು ವರ್ಷ ಸಂಸಾರ ಮಾಡಿದ ಮನೆಯ ಚಮಚ, ಸೌಟು, ಕಾಲುಚೀಲ ಎಲ್ಲ ಬರೆಯಬೇಕು ಅಂದರೆ ಹೇಗಿರುತ್ತದೆ ನೋಡಿ.

ನಾನು ಎಲ್ಲರಿಗೂ ಮೊದಲು ಹೇಳುತ್ತಿದ್ದದ್ದು, ಈ ವಾರ ಪಟ್ಟಿ ಬರೆಯಬೇಡಿ ಅಂತ. ಕ್ಯಾಲಿಫೋರ್ನಿಯಾದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ ಅನಾಹುತದಲ್ಲಿ ಮನೆ ಪೂರ್ತಿ ಹೋದರೆ, ಪಟ್ಟಿ ಕೊಡದೆಯೂ ಕಟ್ಟಡದ ವಿಮೆ ಮೊತ್ತದ ಶೇ. 30ರಷ್ಟನ್ನು ಸಾಮಾನಿನ ಬಾಬ್ತು ಮುಂಗಡ ಕೊಡಬೇಕು ಅಂತ 2025ರಲ್ಲಿ ನಿಯಮ ಇತ್ತು. ಗರಿಷ್ಠ 2,50,000 ಡಾಲರ್. ಇದು ಬಹಳ ಜನಕ್ಕೆ ಗೊತ್ತಿರಲಿಲ್ಲ. ಮೊದಲು ಅದನ್ನು ತೆಗೆದುಕೊಳ್ಳಿ, ಉಸಿರಾಡಿ, ಪಟ್ಟಿ ಆಮೇಲೆ. ಟ್ಯಾಕ್ಸ್ ಗಡುವನ್ನೂ ಲಾಸ್ ಏಂಜಲಿಸ್ ಕೌಂಟಿಯವರಿಗೆ ಅಕ್ಟೋಬರ್ 15ರ ತನಕ ಮುಂದೂಡಿದರು. ಅದರಿಂದ ನನ್ನ ಕೈಗೂ ಬಿಡುವು ಸಿಕ್ಕಿತು. ಇಲ್ಲದಿದ್ದರೆ ಫೆಬ್ರವರಿ, ಮಾರ್ಚ್‌ನಲ್ಲಿ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ.

ಬರೆಯಲು ಕೂತಾಗ ಅಡುಗೆಮನೆಯಿಂದ ಶುರು ಮಾಡುತ್ತಿದ್ದೆ. ಮೊದಲ ಸಲ ಬೆಡ್‌ರೂಮಿನಿಂದ ಶುರು ಮಾಡಿ ಹತ್ತು ನಿಮಿಷಕ್ಕೇ ನಿಲ್ಲಿಸಬೇಕಾಯಿತು. ಮಂಚದ ಪಕ್ಕದ ಡ್ರಾಯರ್ ಅನ್ನುವುದು ಅಷ್ಟು ಸುಲಭದ ಜಾಗ ಅಲ್ಲ. ಅಡುಗೆಮನೆಯಲ್ಲಿ ಕೈಗೇ ನೆನಪು ಇರುತ್ತದೆ. "ಕಣ್ಣು ಮುಚ್ಕೊಂಡು ಒಗ್ಗರಣೆ ಹಾಕು, ಎಡಗಡೆ ಏನಿದೆ?" ಅಂದರೆ ಸಾಸಿವೆ ಡಬ್ಬಿ, ಇಂಗಿನ ಡಬ್ಬಿ, ಹಿಡಿ ಸಡಿಲಾದ ಸೌಟು, ಒಂದರ ಹಿಂದೆ ಒಂದು ಬರುತ್ತವೆ. ನಾವು ಇಬ್ಬರು ಹೋಗುತ್ತಿದ್ದೆವು. ನಾನು ಟೈಪ್ ಮಾಡುವುದು. ಇನ್ನೊಬ್ಬರು ಏನೂ ಮಾಡದೆ ಪಕ್ಕದಲ್ಲಿ ಕೂರುವುದು. ಏನೂ ಮಾಡದೆ ಕೂರುವವರೇ ಮುಖ್ಯ. ಒಂದೂವರೆ ಗಂಟೆಗೆ ನಿಲ್ಲಿಸಿ ಕಾಫಿ. ಆಮೇಲೆ ಅವತ್ತು ಮತ್ತೆ ಮುಟ್ಟುವುದಿಲ್ಲ.

ನೆನಪಾಗದ್ದಕ್ಕೆ ಫೋಟೋ ಹುಡುಕುತ್ತಿದ್ದೆವು. ಆ ಮನೆಗೆ ಬಂದುಹೋದ ನೆಂಟರನ್ನೆಲ್ಲ ಕೇಳಿ ತರಿಸಿಕೊಂಡೆವು. ಹುಟ್ಟುಹಬ್ಬದ ಫೋಟೋದಲ್ಲಿ ಮಗುವಿನ ಮುಖ ಬಿಟ್ಟು ಹಿಂದಿನ ಕಪಾಟು ನೋಡುವುದು. ವರಮಹಾಲಕ್ಷ್ಮಿ ಹಬ್ಬದ ವಿಡಿಯೋ ಅಂತೂ ಬಂಗಾರ. ನಮ್ಮ ಹೆಂಗಸರು ಕಲಶ ತೋರಿಸುವ ನೆಪದಲ್ಲಿ ಇಡೀ ಮನೆ ತೋರಿಸಿರುತ್ತಾರೆ. ಆನ್‌ಲೈನ್ ಅಂಗಡಿಗಳ ಹಳೇ ಆರ್ಡರುಗಳು, ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್, ಇವೆಲ್ಲ ವರ್ಷ ಮತ್ತು ಬೆಲೆಗೆ.

ಆ ಕೊನೆಯ ಕಾಲಂ ಇದ್ದದ್ದರಿಂದ ಕೆಲಸ ನಿಧಾನ ಆಯಿತು, ನಿಜ. ಒಂದು ಸ್ಟೀಲ್ ಡಬ್ಬಿಗೆ ಇಪ್ಪತ್ತು ನಿಮಿಷ. ಅದರ ಮೇಲೆ ಅವಳ ಅಜ್ಜಿಯ ಹೆಸರು ಕೆತ್ತಿಸಿತ್ತು, ಮೈಸೂರಿನ ದೇವರಾಜ ಮಾರ್ಕೆಟ್ ಹತ್ತಿರ ಪಾತ್ರೆ ಅಂಗಡಿಯಲ್ಲಿ ಕೂತಲ್ಲೇ ಕೆತ್ತಿ ಕೊಟ್ಟಿದ್ದರಂತೆ, ಒಂದು ಅಕ್ಷರ ತಪ್ಪಿತ್ತಂತೆ, ಅಜ್ಜಿ ಅದಕ್ಕೆ ಎಂಟಾಣೆ ಕಮ್ಮಿ ಕೊಟ್ಟಿದ್ದರಂತೆ. ಅಲ್ಲಿ ಅವಳು ನಕ್ಕಳು. ಬೆಂಕಿಯಾದ ಐದು ವಾರದಲ್ಲಿ ಅವಳು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ಡಬ್ಬಿಯ ಬೆಲೆ 12 ಡಾಲರ್ ಅಂತ ಬರೆದೆವು.

ಮಗ ಯಾರ ಜೊತೆಗೂ ಜಾಸ್ತಿ ಮಾತಾಡುತ್ತಿರಲಿಲ್ಲ. ಒಂದು ದಿನ ಬಂದು ನನ್ನ ಪಕ್ಕ ನಿಂತು, "ಆಂಟಿ, ನನ್ನ ರೂಮಿಗೆ ಬೇರೆ ಶೀಟ್ ಇದೆಯಾ?" ಅಂದ. ಮಾಡಿಕೊಟ್ಟೆ. ತಾನೇ ಟೈಪ್ ಮಾಡಿದ. ಲೆಗೋ, ಪುಸ್ತಕ, ಬೇಸ್‌ಬಾಲ್ ಗ್ಲೌಸು. ಆಮೇಲೆ: ಕಲ್ಲು, 43. ಈಟನ್ ಕ್ಯಾನಿಯನ್ನಿನ ತೊರೆಯಲ್ಲಿ ಹೆಕ್ಕಿದ್ದು. ಬೆಲೆಯ ಜಾಗದಲ್ಲಿ ಸೊನ್ನೆ ಹಾಕಿದ. ಕಥೆಯ ಕಾಲಮ್ಮಿನಲ್ಲಿ ಒಂದೊಂದು ಕಲ್ಲಿಗೂ ಒಂದೊಂದು ಸಾಲು ಬರೆಯತೊಡಗಿದ. ಮೂರು ದಿನ ತಗೊಂಡ. ನಾವು ಯಾರೂ ಅವಸರ ಮಾಡಲಿಲ್ಲ.

ಸುಟ್ಟ ಜಾಗಕ್ಕೆ ಹೋಗಲು ಬಿಟ್ಟದ್ದು ಎರಡು ವಾರದ ಮೇಲೆ. ಅಷ್ಟು ದಿನ ನ್ಯಾಷನಲ್ ಗಾರ್ಡಿನವರ ಕಾವಲು. ಹೋಗುವವರಿಗೆ ನಾನು ಹೇಳುವುದು ಒಂದೇ: ಒಬ್ಬರೇ ಹೋಗಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಆಲ್ಟಡೀನಾದ ಮನೆಗಳು ಹೆಚ್ಚಿನವು 1978ಕ್ಕೆ ಮುಂಚಿನವು. ಆಗಿನ ಬಣ್ಣದಲ್ಲಿ ಸೀಸ, ಗೋಡೆ-ಸೂರಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಬೂದಿ ಅಂದರೆ ನಮ್ಮ ಒಲೆಯ ಬೂದಿ ಅಲ್ಲ ಅದು. ಎನ್95 ಮಾಸ್ಕು, ಕನ್ನಡಕ, ಕೈಗವಸು, ಮೈಪೂರ್ತಿ ಮುಚ್ಚುವ ಬಿಳಿ ಸೂಟು, ಬೂಟು. ಜರಡಿ ಹಿಡಿಯುವ ಮುಂಚೆ ಬೂದಿಗೆ ನೀರು ಚಿಮುಕಿಸಬೇಕು. ಮಕ್ಕಳನ್ನು ಕರೆದುಕೊಂಡು ಹೋಗಬಾರದು.

ನಾವು ನಾಲ್ವರು ಹೋದೆವು. ಬೀದಿಯಲ್ಲಿ ನಿಂತದ್ದು ಹೊಗೆಗೂಡುಗಳು ಮಾತ್ರ. ಇಟ್ಟಿಗೆಯ ಕಂಬಗಳ ಸಾಲು. ಕಾರಿನ ಚಕ್ರದ ಅಲ್ಯೂಮಿನಿಯಂ ಕರಗಿ, ಇಳಿಜಾರಿನಲ್ಲಿ ಹರಿದು, ಬೆಳ್ಳಿ ತೊರೆಯ ಹಾಗೆ ಗಟ್ಟಿಯಾಗಿತ್ತು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ, ಹಿತ್ತಾಳೆ 900ರ ಆಸುಪಾಸಿಗೆ. ಅಮ್ಮನ ಹಿತ್ತಾಳೆ ದೀಪದ ಕಂಬ ಎರಡೂ ಸೇರಿ ಒಂದು ಮುದ್ದೆ ಆಗಿದ್ದವು. ಅಡುಗೆಮನೆ ಇದ್ದ ಜಾಗದಲ್ಲಿ ಜರಡಿ ಹಿಡಿದರೆ ವೆಟ್ ಗ್ರೈಂಡರಿನ ಕಲ್ಲುಗಳು ಸಿಕ್ಕವು. ಒಂದು ಸೀಳಿತ್ತು. ಇನ್ನೊಂದು ಹಾಗೇ ಇತ್ತು, ನಾಳೆ ಇಡ್ಲಿಗೆ ಹಾಕಬಹುದು ಅನ್ನುವ ಹಾಗೆ. ಪಟ್ಟದ ಗೊಂಬೆ ಮರದ್ದು. ಅದನ್ನು ಹುಡುಕುವ ಮಾತೇ ಇರಲಿಲ್ಲ. ಆದರೂ ಅವಳು ಹಾಲ್‌ನ ಆ ಮೂಲೆಯಲ್ಲಿ ಬಹಳ ಹೊತ್ತು ಜರಡಿ ಹಿಡಿದಳು. ನಾನು ಏನೂ ಹೇಳಲಿಲ್ಲ. ಜರಡಿ ತುಂಬಿ ತುಂಬಿ ಕೊಟ್ಟೆ.

ವಾಪಸ್ ಬರುವಾಗ ಸಾಂಟಾ ರೋಸಾ ಅವೆನ್ಯೂ ಮೇಲೆ ಬಂದೆವು. ಅಲ್ಲಿ ಸಾಲಾಗಿ ದೇವದಾರು ಮರಗಳಿವೆ. ನಮ್ಮ ಹಿಮಾಲಯದ ದೇವದಾರುವೇ, 1880ರ ದಶಕದಲ್ಲಿ ನೆಟ್ಟದ್ದು. ಪ್ರತಿ ಡಿಸೆಂಬರಿನಲ್ಲಿ ಅವಕ್ಕೆ ದೀಪ ಕಟ್ಟುತ್ತಾರೆ. ಸುತ್ತಲಿನ ಮನೆಗಳು ಹೋಗಿದ್ದರೂ ಮರಗಳು ಹೆಚ್ಚುಕಡಿಮೆ ಎಲ್ಲ ಉಳಿದಿದ್ದವು. ಯಾರೂ ಮಾತಾಡಲಿಲ್ಲ. ಕಾರು ನಿಧಾನ ಮಾಡಿದೆವು, ಅಷ್ಟೇ.

ಹನ್ನೊಂದು ಮನೆಗಳಲ್ಲಿ ಕನ್ನಡದವರು ನಾಲ್ಕೇ. ಉಳಿದವರು ನನ್ನ ಟ್ಯಾಕ್ಸಿನ ಗಿರಾಕಿಗಳು, ಅವರ ಅಕ್ಕಪಕ್ಕದವರು. ಅವರಲ್ಲಿ ಒಬ್ಬ ಕಪ್ಪು ಹೆಂಗಸು, ಎಂಬತ್ತರ ಹತ್ತಿರ ವಯಸ್ಸು. 1960ರ ದಶಕದ ಕೊನೆಯಲ್ಲಿ ಅವರ ತಂದೆ ಕೊಂಡ ಮನೆ. ಆಗೆಲ್ಲ ಕಪ್ಪು ಜನಕ್ಕೆ ಎಲ್ಲೆಂದರಲ್ಲಿ ಮನೆ ಕೊಳ್ಳಲು ಬಿಡುತ್ತಿರಲಿಲ್ಲ. ಬ್ಯಾಂಕುಗಳು ನಕ್ಷೆಯಲ್ಲಿ ಕೆಂಪು ಗೆರೆ ಹಾಕಿದ ಜಾಗಗಳಿಗೆ ಸಾಲ ಕೊಡುತ್ತಿರಲಿಲ್ಲ. ಪ್ಯಾಸಡೀನಾದಲ್ಲಿ ಹೆದ್ದಾರಿಗಾಗಿ ಮನೆ ಕಳೆದುಕೊಂಡವರು ಬಹಳ ಮಂದಿ ಲೇಕ್ ಅವೆನ್ಯೂ ಪಶ್ಚಿಮಕ್ಕೆ ಬಂದು ನೆಲೆಸಿದರು. ಹಾಗಾಗಿ ಬೆಂಕಿಗೆ ಮುಂಚೆ ಆಲ್ಟಡೀನಾದ ಕಪ್ಪು ಕುಟುಂಬಗಳಲ್ಲಿ ಹತ್ತಕ್ಕೆ ಎಂಟರಷ್ಟು ಸ್ವಂತ ಮನೆಯವರಾಗಿದ್ದರು. 22 ವರ್ಷ ಅದೇ ರಸ್ತೆಯಲ್ಲಿ ಓಡಾಡಿದ ನನಗೆ ಆ ರಸ್ತೆ ಒಂದು ಗೆರೆ ಅಂತ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಸಾಲ ತೀರಿದ ಹಳೇ ಮನೆಗೆ ವಿಮೆ ಕಡ್ಡಾಯ ಇರುವುದಿಲ್ಲ. ಅವರ ವಿಮೆ ಬಹಳ ಕಮ್ಮಿ ಮೊತ್ತದ್ದು. ಅಂಗಳದಲ್ಲಿ 'ಆಲ್ಟಡೀನಾ ಮಾರಾಟಕ್ಕಿಲ್ಲ' ಅನ್ನುವ ಬೋರ್ಡು ನೆಟ್ಟಿದ್ದರು. ಮನೆ ಇಲ್ಲ, ಬೋರ್ಡು ಇದೆ.

ಅವರ ಪಟ್ಟಿಯಲ್ಲಿ ಚರ್ಚಿಗೆ ಹಾಕಿಕೊಂಡು ಹೋಗುವ ಟೋಪಿಗಳು 31. ಬೆಲೆಯ ಕಾಲಂ ಅವರಿಗೆ ಬೇಕಿರಲಿಲ್ಲ. ಕಥೆಯ ಕಾಲಂ ನೋಡಿದ್ದೇ, ಇದನ್ನು ಮೊದಲು ಬರೆಯೋಣ ಅಂದರು. ಯಾವ ಟೋಪಿ ಯಾರ ಮದುವೆಗೆ, ಯಾವುದು ಯಾರ ಮಣ್ಣಿಗೆ. ಬರೆದು ಮುಗಿದ ಮೇಲೆ ಓದಿ ಹೇಳು ಅಂದರು. ಓದಿದೆ. ಒಂದೊಂದು ಸಾಲಿಗೂ ಕಣ್ಣು ಮುಚ್ಚಿ ಹೂಂಗುಟ್ಟಿದರು. ನನಗೆ ನಮ್ಮ ಮನೆಯ ತಿಥಿ ನೆನಪಾಯಿತು. ಪುರೋಹಿತರು ಮೂರು ತಲೆಮಾರಿನ ಹೆಸರು ಹೇಳಿಸುತ್ತಾರಲ್ಲ, ಎಳ್ಳು-ನೀರು ಬಿಡುತ್ತಾ, ಹಾಗೆ.

ಮಾರ್ಚ್ ಬರುವ ಹೊತ್ತಿಗೆ ಟಿವಿಯವರು ಹೋದರು, ಊಟ ನಿಂತಿತು, ಫೋನು ನಿಂತಿತು. ಕಷ್ಟ ಶುರುವಾದದ್ದು ಆಮೇಲೆ. ನಷ್ಟದ ಲೆಕ್ಕ ನೋಡುವ ವಿಮೆ ಕಂಪನಿಯ ಅಡ್ಜಸ್ಟರ್ ಬದಲಾಗುತ್ತಾನೆ, ಹೊಸಬನಿಗೆ ಮತ್ತೆ ಮೊದಲಿಂದ ಹೇಳಬೇಕು. ಬಾಡಿಗೆ ಮನೆ ಸಿಗುವುದಿಲ್ಲ. ಗಂಡ ಹೆಂಡತಿ ಜಗಳ. ನಮ್ಮಜ್ಜ ಹೇಳುತ್ತಿದ್ದ ಒಂದು ಕಥೆ ಇತ್ತು. ಅಡಿಕೆ ಸೋಗೆ ಹೊದಿಸಿದ ಮನೆಗೆ ಬೆಂಕಿ ಬಿದ್ದಾಗ ಊರವರು ಮನೆಗೊಂದರಂತೆ ಸೋಗೆ ಹೊರೆ ತಂದು, ಮುಯ್ಯಾಳು ಲೆಕ್ಕದಲ್ಲಿ, ಅಂದರೆ ಇವತ್ತು ನಿನಗೆ ನಾನು, ನಾಳೆ ನನಗೆ ನೀನು ಅನ್ನುವ ಹಾಗೆ ದುಡಿದು, ನಾಲ್ಕು ದಿನಕ್ಕೆ ಸೂರು ಹೊದಿಸಿದರಂತೆ. ಇಲ್ಲಿ ಸೂರು ಹೊದಿಸಲು ನಾಲ್ಕು ವರ್ಷ ಬೇಕು. ಹಾಗಾದರೆ ಹೊರೆಯನ್ನೂ ಅಷ್ಟು ದಿನಕ್ಕೆ ಹಂಚಬೇಕಲ್ಲ. ಹದಿನಾಲ್ಕು ಜನ ಸೇರಿ 'ಮುಯ್ಯಾಳು' ಅಂತಲೇ ವಾಟ್ಸಾಪ್ ಗುಂಪು ಮಾಡಿದೆವು. ಒಬ್ಬೊಬ್ಬರಿಗೆ ಒಂದು ಮನೆ. ವಾರಕ್ಕೊಂದು ಸಲ, ಅದೇ ದಿನ, ಅದೇ ಹೊತ್ತಿಗೆ ಫೋನು. ಒಂದು ವರ್ಷ ತಪ್ಪಿಸುವ ಹಾಗಿಲ್ಲ. ಎತ್ತದಿದ್ದರೆ ಬೇಜಾರಿಲ್ಲ, ಮುಂದಿನ ವಾರ ಮತ್ತೆ. ಇಬ್ಬರು ನಡುವೆ ಬಿಟ್ಟರು. ಅವರ ಪಾಳಿ ಬೇರೆಯವರು ಹಿಡಿದರು.

ನಮ್ಮ ಕೈಯಲ್ಲಿ ಆಗದ್ದೂ ಇತ್ತು. ಒಬ್ಬರು ಮೂರು ವಾರದಿಂದ ನಿದ್ದೆ ಇಲ್ಲದೆ, ದಿನಾ ರಾತ್ರಿ ಕಾರು ತೆಗೆದುಕೊಂಡು ಹೋಗಿ ಖಾಲಿ ಜಾಗದ ಮುಂದೆ ಕೂರುತ್ತಿದ್ದರು. ಅದು ಪಟ್ಟಿ, ಸಾರು-ಅನ್ನದ ಕೆಲಸ ಅಲ್ಲ. ಬೆಂಗಳೂರಿನಲ್ಲಿ ನರ್ಸ್ ಆಗಿರುವ ನನ್ನ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದೆ. ನಿಮ್ಹಾನ್ಸ್‌ನವರು 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಆದಾಗ ಊರಿನ ಸಾಮಾನ್ಯ ಜನರಿಗೇ ಇಂಥದ್ದರಲ್ಲಿ ತರಬೇತಿ ಕೊಟ್ಟಿದ್ದರು ಅಂತ ಅವಳೇ ಹೇಳಿದ್ದು. "ಕೇಳಿಸ್ಕೊಳ್ಳೋದು ನಿನ್ನ ಕೆಲಸ. ಗಾಯ ಆಳ ಇದೆ ಅನ್ನಿಸಿದ್ರೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋದೂ ನಿನ್ನ ಕೆಲಸ. ಹೊಲಿಯೋದು ಮಾತ್ರ ನಿನ್ನದಲ್ಲ" ಅಂದಳು. ಮರುದಿನ ಅವರ ಜೊತೆ ಕೌನ್ಸೆಲರ್ ಹತ್ತಿರ ಹೋದೆ. ಒಳಗೆ ಅವರು, ಹೊರಗೆ ನಾನು, ಐದು ವಾರ.

ನನ್ನ ಬಗ್ಗೆ ಒಂದು ಮಾತು. ನನ್ನ ಮನೆಗೆ ಏನೂ ಆಗಲಿಲ್ಲ. ಅದೇ ಒಂಥರ ಮುಜುಗರ. ಹಾಲು ಕಾಯಿಸುವಾಗ, ಬೀರು ತೆಗೆದು ಸೀರೆ ಆರಿಸುವಾಗ, ನಾನೇನು ಮಾಡಿದೆ ಅಂತ ಇದು ಉಳೀತು ಅನ್ನಿಸುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ದಿನ ನನ್ನ ಮನೆಯ ಪಟ್ಟಿಯನ್ನೂ ಬರೆಯಲು ಕೂತೆ. ಎಲ್ಲರಿಗೂ ಬರೆದಿಡಿ, ವಿಡಿಯೋ ಮಾಡಿಡಿ ಅಂತ ಹೇಳುತ್ತಿದ್ದೆನಲ್ಲ. ಅಡುಗೆಮನೆ ಮುಗಿಸಿದೆ. ಆಮೇಲೆ ಆಗಲಿಲ್ಲ. ಇನ್ನೂ ಹಾಗೇ ಇದೆ.

ಮೈಸೂರಿನವರ ಪಟ್ಟಿ 1,143 ಸಾಲಿಗೆ ಮುಗಿಯಿತು. ಪಟ್ಟದ ಗೊಂಬೆಗೆ ಇಂಟರ್ನೆಟ್‌ನಲ್ಲಿ ಸಿಕ್ಕ ಯಾವುದೋ ಬೆಲೆ ಹಾಕಿದೆವು. ಕೊನೆಯ ಕಾಲಂ ತೆಗೆದು ಕಂಪನಿಗೆ ಕಳಿಸಿದೆ. ಅದು ಇರುವ ಪ್ರತಿಯನ್ನು ಪ್ರಿಂಟ್ ಮಾಡಿಸಿ, ಬೈಂಡ್ ಮಾಡಿಸಿ ಅವಳಿಗೆ ಕೊಟ್ಟೆ. ಆಗಸ್ಟ್‌ನಲ್ಲಿ ದುಡ್ಡು ಬಂತು. ಅಮ್ಮ ಊರಿಗೆ ಹೋದರು. ದಸರಾಕ್ಕೆ ಬಾಡಿಗೆ ಮನೆಯಲ್ಲಿ ಮೂರೇ ಮೆಟ್ಟಿಲು ಇಟ್ಟಳು. ಮೇಲಿನ ಮೆಟ್ಟಿಲಲ್ಲಿ ಆ ಪುಸ್ತಕವನ್ನೂ ಇಟ್ಟಿದ್ದಳು.

ನವೆಂಬರಿನ ಒಂದು ರಾತ್ರಿ ಹತ್ತಕ್ಕೆ ವಾಟ್ಸಾಪ್‌ನಲ್ಲಿ ಅಮ್ಮನ ಫೋನು. ಅಲ್ಲಿ ಬೆಳಗ್ಗೆ ಹನ್ನೊಂದೂವರೆ, ಅಡುಗೆ ಹೊತ್ತು. ಹಿಂದಿನಿಂದ ತೆಂಗಿನಕಾಯಿ ತುರಿಯುವ ಸದ್ದು ಕೇಳುತ್ತಿತ್ತು.

"ನೋಡಮ್ಮ, ಈಗ ಕಾಯಿ ತುರೀತಾ ಇದ್ರೆ ನೆನಪಾಯ್ತು. ಅಲ್ಲಿದ್ದ ಈಳಿಗೆ ಮಣೆ ಬರೆದಿದ್ಯಾ?"

ಲೆಕ್ಕ ಮುಗಿದು ಮೂರು ತಿಂಗಳಾಗಿತ್ತು. ಇನ್ನು ಬರೆದು ಯಾರಿಗೂ ಕಳಿಸುವ ಹಾಗಿರಲಿಲ್ಲ. ನಾನು ಎದ್ದು ಲ್ಯಾಪ್‌ಟಾಪ್ ತಂದು ಫೈಲ್ ತೆಗೆದೆ. ಸಾಲು 1,144.

"ಈಗ ಬರೀತೀನಿ, ಹೇಳಿ ಅಮ್ಮಾ. ಯಾರ ಕಾಲದ್ದು ಅದು?"